ಡಾಂಗಲ್ ಕೊಳ್ಳದೆ ಡೆಸ್ಕ್‌ಟಾಪ್‌ಗೆ ವೈಫೈ: ಸಂಪರ್ಕ ಎಲ್ಲಿ ಕಡಿದಿದೆ ಎಂದು ಪತ್ತೆ ಮಾಡುವ ಕ್ರಮ

ರೂಟರ್ ಹಜಾರದಲ್ಲಿದ್ದು ಡೆಸ್ಕ್‌ಟಾಪ್ ಮಹಡಿಯ ಕೋಣೆಯಲ್ಲಿದ್ದಾಗ, ಅಥವಾ ಗೋಡೆ ಕೊರೆದು ಲ್ಯಾನ್ ಕೇಬಲ್ ಎಳೆಯಲು ಮಾಲೀಕರು ಒಪ್ಪದ ಬಾಡಿಗೆ ಮನೆಯಲ್ಲೋ ಪಿಜಿಯಲ್ಲೋ ಇರುವಾಗ, ಕಂಪ್ಯೂಟರನ್ನು ವೈಫೈ ಮೂಲಕವೇ ಇಂಟರ್ನೆಟ್‌ಗೆ ಜೋಡಿಸಬೇಕಾಗುತ್ತದೆ. ಆಗ ಅಂಗಡಿಯವರಿಂದಲೂ ಪರಿಚಿತರಿಂದಲೂ ಮೊದಲು ಬರುವ ಸಲಹೆ ಯುಎಸ್‌ಬಿ ಡಾಂಗಲ್ (ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ವೈಫೈ ಸಾಧನ) ಕೊಳ್ಳಿ ಎಂಬುದೇ. ಸಲಹೆ ತಪ್ಪೇನಲ್ಲ, ಆದರೆ ಆತುರದ್ದು. ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ದುಡ್ಡು ಖರ್ಚು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಡೆಸ್ಕ್‌ಟಾಪ್‌ನೊಳಗೆ ವೈಫೈ ಕಾರ್ಡ್ ಈಗಾಗಲೇ ಇದ್ದು ಸುಮ್ಮನೆ ಕುಳಿತಿದೆಯೇ ಎಂಬುದು ಮೊದಲನೆಯದು. ಇಲ್ಲವೆಂದಾದರೆ, ಕೈಯಲ್ಲಿರುವ ಆಂಡ್ರಾಯ್ಡ್ ಫೋನನ್ನೇ ಆ ಕೆಲಸಕ್ಕೆ ಹಚ್ಚಬಹುದೇ ಎಂಬುದು ಎರಡನೆಯದು. ಮುಂದಿನ ವಿವರಣೆ ಮುಖ್ಯವಾಗಿ ವಿಂಡೋಸ್ 10 ಮತ್ತು 11 ಇರುವ ಯಂತ್ರಗಳನ್ನು ಗಮನದಲ್ಲಿಟ್ಟುಕೊಂಡದ್ದು. ವಿಂಡೋಸ್ ಬದಲು ಉಬುಂಟು (ಒಂದು ಬಗೆಯ ಲಿನಕ್ಸ್) ಬಳಸುವವರಿಗೆ ಬೇಕಾದ ವ್ಯತ್ಯಾಸಗಳನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

ಮೊದಲು ಕ್ಯಾಬಿನೆಟ್‌ನ ಹಿಂಬದಿ ನೋಡಿ

ಯಂತ್ರವನ್ನು ಆನ್ ಮಾಡುವುದಕ್ಕೂ ಮುಂಚೆ ಟಾರ್ಚ್ ಹಿಡಿದು ಕ್ಯಾಬಿನೆಟ್‌ನ ಹಿಂಭಾಗವನ್ನು ನೋಡಬೇಕು. ಕೀಬೋರ್ಡ್, ಮೌಸ್, ಲ್ಯಾನ್ ಕೇಬಲ್ ಸೇರಿಸುವ ಪೋರ್ಟ್‌ಗಳ ಸಾಲಿನಲ್ಲಿ ಚಿನ್ನದ ಬಣ್ಣದ, ಹೊರಮೈಯಲ್ಲಿ ತಿರುಪಿನ ಸುತ್ತುಗಳಿರುವ ಎರಡು ಸಣ್ಣ ಗುಂಡನೆಯ ಮೊಳಕೆಗಳು ಹೊರಚಾಚಿದ್ದರೆ, ಅವು ಆಂಟೆನಾ ತಿರುಗಿಸಿ ಕೂರಿಸುವ ಜಾಗಗಳು. ಅಲ್ಲಿಗೆ ಮದರ್‌ಬೋರ್ಡ್‌ನಲ್ಲಿ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆಯಲ್ಲಿ) ವೈಫೈ ಇದೆ ಎಂದು ಬಹುತೇಕ ನಿರ್ಧಾರವಾದಂತೆ. ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿಕೊಂಡ ಕಂಪ್ಯೂಟರುಗಳಲ್ಲಿ ಇದರ ಜೊತೆ ಬಂದ ಆಂಟೆನಾ ಮದರ್‌ಬೋರ್ಡ್‌ನ ರಟ್ಟಿನ ಪೆಟ್ಟಿಗೆಯಲ್ಲೇ ಉಳಿದು, ಪೆಟ್ಟಿಗೆ ಅಟ್ಟ ಸೇರಿರುವುದು ತೀರ ಸಾಮಾನ್ಯ. ಆಂಟೆನಾ ಇಲ್ಲದಿದ್ದರೂ ಕಾರ್ಡ್ ಚಾಲನೆಯಲ್ಲಿರುತ್ತದೆ, ಪಕ್ಕದಲ್ಲೇ ಇಟ್ಟ ಫೋನಿನ ಹಾಟ್‌ಸ್ಪಾಟ್ ಕಾಣಿಸುತ್ತದೆ; ಆದರೆ ಒಂದು ಗೋಡೆಯಾಚೆಗಿನ ರೂಟರ್ ಕಾಣಿಸುವುದಿಲ್ಲ, ಕಂಡರೂ ಸಂಪರ್ಕ ನಿಲ್ಲುವುದಿಲ್ಲ. "ವೈಫೈ ಕಾರ್ಡ್ ಕೆಟ್ಟಿದೆ" ಎಂದು ತೀರ್ಮಾನಿಸುವ ಮುನ್ನ ಆ ಪೆಟ್ಟಿಗೆಯನ್ನು ಕೆಳಗಿಳಿಸಿ ನೋಡಲೇಬೇಕು.

ಅದೇ ಜಾಗದಲ್ಲಿ ಬರಿಯ ತೂತುಗಳು ಮಾತ್ರ ಇದ್ದರೆ ಆಸೆ ಪಡುವಂತಿಲ್ಲ. ಒಂದೇ ಮಾದರಿಯ ಮದರ್‌ಬೋರ್ಡನ್ನು ವೈಫೈ ಇರುವ, ಇಲ್ಲದ ಎರಡು ರೂಪಗಳಲ್ಲಿ ಮಾರುವ ತಯಾರಕರು ಹಿಂಬದಿಯ ತಗಡನ್ನು ಒಂದೇ ಅಚ್ಚಿನಲ್ಲಿ ಮಾಡಿರುವುದುಂಟು. ಮೊಳಕೆಗಳೇ ಕಾಣದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್, ಆಲ್-ಇನ್-ಒನ್, ಚಿಕ್ಕ ಗಾತ್ರದ ಮಿನಿ ಪಿಸಿಗಳಲ್ಲಿ ಇದಕ್ಕೆ ತದ್ವಿರುದ್ಧ: ಆಂಟೆನಾ ಪ್ಲಾಸ್ಟಿಕ್ ಕವಚದ ಒಳಗೇ ಇರುವುದರಿಂದ ಹೊರಗೆ ಏನೂ ತೋರದಿದ್ದರೂ ವೈಫೈ ಇರಬಹುದು. ಇಲ್ಲಿ ನೆರವಿಗೆ ಬರುವ ಒಳ್ಳೆಯ ಸುಳಿವೆಂದರೆ ಬ್ಲೂಟೂತ್. ಡೆಸ್ಕ್‌ಟಾಪ್‌ನಲ್ಲಿ ಹೊರಗಿನಿಂದ ಏನನ್ನೂ ಚುಚ್ಚದೆ ಬ್ಲೂಟೂತ್ ಕೆಲಸ ಮಾಡುತ್ತಿದ್ದರೆ ವೈಫೈಯೂ ಒಳಗಿರುವ ಸಾಧ್ಯತೆ ಬಹಳ ಹೆಚ್ಚು, ಏಕೆಂದರೆ ಈ ಎರಡನ್ನೂ ಸಾಮಾನ್ಯವಾಗಿ ಒಂದೇ ಸಣ್ಣ ಕಾರ್ಡ್‌ನಲ್ಲಿ ಸೇರಿಸಿರುತ್ತಾರೆ.

ಕಾರ್ಡ್ ಇದ್ದೂ ವೈಫೈ ಬಾರದಿದ್ದರೆ

ಸ್ಟಾರ್ಟ್ ಬಟನ್ ಮೇಲೆ ಬಲಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಸಾಲನ್ನು ಬಿಡಿಸಿದಾಗ ವೈಫೈ, ವೈರ್‌ಲೆಸ್ ಅಥವಾ 802.11 ಎಂಬ ಪದವಿರುವ ಹೆಸರು ಕಂಡರೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕುಳಿತಿದೆ ಎಂದು ತಿಳಿಯಬೇಕು. ಅಂಥ ಹೆಸರು ಇಲ್ಲದೆ, ಅದರ್ ಡಿವೈಸಸ್ ಎಂಬ ಸಾಲಿನಲ್ಲಿ ಹಳದಿ ಗುರುತಿನೊಂದಿಗೆ ನೆಟ್‌ವರ್ಕ್ ಕಂಟ್ರೋಲರ್ ಎಂದು ಬರೆದಿದ್ದರೆ, ಕಾರ್ಡ್ ಇದೆ, ಡ್ರೈವರ್ ಇಲ್ಲ. ಈಥರ್ನೆಟ್ ಕಂಟ್ರೋಲರ್ ಎಂದಿದ್ದರೆ ಅದು ಲ್ಯಾನ್ ಪೋರ್ಟಿನ ಡ್ರೈವರ್ ಇಲ್ಲವೆಂಬ ಸೂಚನೆಯೇ ಹೊರತು ವೈಫೈಗೆ ಸಂಬಂಧಿಸಿದ್ದಲ್ಲ. ಇವೆರಡನ್ನು ಅದಲುಬದಲು ಮಾಡಿಕೊಂಡು ಬೇರೆ ಡ್ರೈವರ್ ಹಾಕಿ ಹೊತ್ತು ಕಳೆಯುವವರನ್ನು ನಾನು ಪದೇ ಪದೇ ನೋಡುತ್ತೇನೆ.

ಕಾರ್ಡ್ ಯಾರದ್ದು ಎಂದು ತಿಳಿಯಲು ಆ ಸಾಲಿನ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡೀಸ್ ಎಂಬುದನ್ನು ಆರಿಸಬೇಕು. ಅಲ್ಲಿ ವೆಂಡರ್ ಸಂಖ್ಯೆ (VEN ಎಂಬುದರ ಮುಂದಿರುವುದು) 8086 ಎಂದಿದ್ದರೆ ಇಂಟೆಲ್, 10ಇಸಿ ಎಂದಿದ್ದರೆ ರಿಯಲ್‌ಟೆಕ್, 14ಸಿ3 ಎಂದಿದ್ದರೆ ಮೀಡಿಯಾಟೆಕ್, 168ಸಿ ಎಂದಿದ್ದರೆ ಕ್ವಾಲ್ಕಾಮ್ ಅಥೆರೋಸ್, 14ಇ4 ಎಂದಿದ್ದರೆ ಬ್ರಾಡ್‌ಕಾಮ್. ಡ್ರೈವರನ್ನು ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಡ್ರೈವರ್ ಹುಡುಕಿ ಕೊಡುತ್ತೇವೆ ಎನ್ನುವ ಮೂರನೆಯವರ ತಂತ್ರಾಂಶಗಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ. ಇಂಟರ್ನೆಟ್ ಇಲ್ಲದ ಯಂತ್ರಕ್ಕೆ ಡ್ರೈವರ್ ತರುವುದು ಹೇಗೆ ಎಂಬ ತೊಡಕಿಗೆ, ಫೋನಿನಲ್ಲಿ ಇಳಿಸಿಕೊಂಡು ಚಾರ್ಜಿಂಗ್ ಕೇಬಲ್ ಮೂಲಕ ಕಡತವನ್ನು ನಕಲು ಮಾಡುವುದು ಒಂದು ದಾರಿ. ಮುಂದೆ ಹೇಳಲಿರುವ ಟೆಥರಿಂಗ್ ಇನ್ನೂ ಸಲೀಸು.

ಉಬುಂಟುವಿನಲ್ಲಿ ಇಂಟೆಲ್ ಕಾರ್ಡ್‌ಗಳು ಹೆಚ್ಚಾಗಿ ತಾವಾಗಿಯೇ ಎದ್ದು ಕೂರುತ್ತವೆ. ಬ್ರಾಡ್‌ಕಾಮ್‌ನ ಹಲವು ಕಾರ್ಡ್‌ಗಳಿಗೆ ಮಾತ್ರ ಅಡಿಷನಲ್ ಡ್ರೈವರ್ಸ್ ಎಂಬ ಕಿಟಕಿಯಿಂದ ಪ್ರತ್ಯೇಕ ಡ್ರೈವರ್ ಹಾಕಬೇಕಾಗುತ್ತದೆ, ಅದಕ್ಕೂ ತಾತ್ಕಾಲಿಕವಾಗಿ ಇಂಟರ್ನೆಟ್ ಬೇಕು.

ಡಿವೈಸ್ ಮ್ಯಾನೇಜರ್‌ನಲ್ಲಿ ಎಲ್ಲಿಯೂ ಸುಳಿವಿಲ್ಲ, ಆದರೆ ಹಿಂಬದಿಯಲ್ಲಿ ಆಂಟೆನಾ ಮೊಳಕೆಗಳಿವೆ ಎಂದಾದರೆ, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಚಾಲನೆಯಾಗುವ ಮೂಲ ತಂತ್ರಾಂಶದಲ್ಲಿ) ಕಾರ್ಡನ್ನು ಯಾರೋ ಮುಚ್ಚಿರಬಹುದು. ಯಂತ್ರ ಆನ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್ ಹೊಕ್ಕು, ಆನ್‌ಬೋರ್ಡ್ ಡಿವೈಸಸ್ ವಿಭಾಗದಲ್ಲಿ ವೈಫೈ ಅಥವಾ ಡಬ್ಲ್ಯುಲ್ಯಾನ್ (ವೈಫೈಗೇ ಇನ್ನೊಂದು ಹೆಸರು) ಎಂಬುದನ್ನು ಎನೇಬಲ್ ಮಾಡಬೇಕು. ಕಚೇರಿಗಳಲ್ಲಿ ಬಳಸಿ ಹರಾಜಿನಲ್ಲಿ ಮಾರಿದ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು, ಏಕೆಂದರೆ ಅನೇಕ ಕಚೇರಿಗಳು ಭದ್ರತೆಯ ಕಾರಣದಿಂದ ವೈಫೈಯನ್ನು ಬಯೋಸ್ ಮಟ್ಟದಲ್ಲೇ ಮುಚ್ಚಿಬಿಡುತ್ತವೆ.

ಕಾರ್ಡ್ ಪಟ್ಟಿಯಲ್ಲಿದ್ದೂ ಕೋಡ್ 10 (ಸಾಧನ ಚಾಲನೆಯಾಗುತ್ತಿಲ್ಲ) ಎಂಬ ದೋಷ ತೋರಿಸುತ್ತಿದ್ದರೆ ಡ್ರೈವರ್ ಬದಲಿಸುವ ಮೊದಲು ಒಂದು ಸರಳ ಕೆಲಸ ಮಾಡಿ. ವಿಂಡೋಸನ್ನು ಶಟ್ ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕೇಬಲನ್ನು ಕ್ಯಾಬಿನೆಟ್‌ನಿಂದ ಎಳೆದು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬರಿಯ ಶಟ್ ಡೌನ್‌ನಿಂದ ಕಾರ್ಡಿಗೆ ಹೋಗುವ ಸಣ್ಣ ಪ್ರಮಾಣದ ವಿದ್ಯುತ್ ನಿಲ್ಲುವುದಿಲ್ಲ. ಮೇಲಾಗಿ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಹಿಂದಿನ ಸ್ಥಿತಿಯನ್ನೇ ಉಳಿಸಿ ಮರಳಿ ತರುತ್ತದೆ. ಉಳಿದ ವಿದ್ಯುತ್ತನ್ನು ಹೀಗೆ ಪೂರ್ತಿ ಬರಿದು ಮಾಡಿದಾಗ ಸಿಕ್ಕಿಕೊಂಡ ಕಾರ್ಡ್ ಹೊಸದಾಗಿ ಚಾಲನೆಗೊಳ್ಳುತ್ತದೆ. ಇಂಟೆಲ್ ಕಾರ್ಡ್‌ಗಳಲ್ಲಿ ಇದು ಅನೇಕ ಸಲ ಫಲಿಸುತ್ತದೆ.

ಕಾರ್ಡ್ ಸರಿಯಿದೆ, ಸುತ್ತಲಿನ ವೈಫೈಗಳೆಲ್ಲ ಕಾಣುತ್ತಿವೆ, ನಮ್ಮ ಮನೆಯದು ಮಾತ್ರ ಕಾಣುತ್ತಿಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ರೂಟರ್‌ನ ಸೆಟ್ಟಿಂಗ್ ಕಾರ್ಡಿಗೆ ಹೊಂದದಿರುವುದು. ಹಳೆಯ ಕಾರ್ಡ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು (ಬ್ಯಾಂಡ್) ಮಾತ್ರ ಹಿಡಿಯಬಲ್ಲವು, 5 ಗಿಗಾಹರ್ಟ್ಸ್‌ನ ಹೆಸರು ಅವಕ್ಕೆ ಕಾಣಿಸದು. 2.4ರಲ್ಲಿಯೂ, ರೂಟರ್ ತಾನಾಗಿ 12 ಅಥವಾ 13ನೇ ಚಾನಲ್ ಆರಿಸಿಕೊಂಡಿದ್ದರೆ, ಅಮೆರಿಕದ ನಿಯಮಕ್ಕೆ ಹೊಂದಿಸಿ ತಯಾರಿಸಿದ ಕೆಲವು ಕಾರ್ಡ್‌ಗಳು ಆ ಚಾನಲ್‌ಗಳತ್ತ ನೋಡುವುದೇ ಇಲ್ಲ; ಫೋನಿನಲ್ಲಿ ಕಾಣುವ ವೈಫೈ ಡೆಸ್ಕ್‌ಟಾಪ್‌ನಲ್ಲಿ ಕಾಣದಿರುವ ವಿಚಿತ್ರಕ್ಕೆ ಇದೂ ಒಂದು ಕಾರಣ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಚಾನಲನ್ನು 1, 6 ಅಥವಾ 11ಕ್ಕೆ ನಿಗದಿ ಮಾಡಿದರೆ ಸಾಕು. ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಜೋಡಣೆಯಾಗುವುದಿಲ್ಲ ಎಂದಾದರೆ ರೂಟರ್ ಬರೀ ಡಬ್ಲ್ಯುಪಿಎ3 ಭದ್ರತೆಯಲ್ಲಿದೆಯೇ ಎಂದು ನೋಡಿ. ವಿಂಡೋಸ್ 10ರಲ್ಲಿ ಅದಕ್ಕೆ ಬೆಂಬಲ ಬಂದದ್ದು 1903 ಆವೃತ್ತಿಯಿಂದ, ಅದೂ ಕಾರ್ಡಿನ ಡ್ರೈವರ್ ಒಪ್ಪಿದರೆ ಮಾತ್ರ. ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಅನುಮತಿಸುವ ಮಿಶ್ರ ಆಯ್ಕೆ ಹೆಚ್ಚಿನ ರೂಟರ್‌ಗಳಲ್ಲಿದೆ.

ವೈಫೈ ಗುರುತೇ ಮಾಯವಾಗಿದ್ದರೆ ಸರ್ವಿಸಸ್ ಕಿಟಕಿಯಲ್ಲಿ ಡಬ್ಲ್ಯುಲ್ಯಾನ್ ಆಟೊಕಾನ್ಫಿಗ್ ಎಂಬ ಸೇವೆ ರನ್ನಿಂಗ್ ಸ್ಥಿತಿಯಲ್ಲಿ, ಆಟೊಮ್ಯಾಟಿಕ್ ಎಂದು ಇರುವುದನ್ನು ಖಚಿತಪಡಿಸಿಕೊಳ್ಳಿ.

ಕಾರ್ಡ್ ಇಲ್ಲವೇ ಇಲ್ಲ ಎಂದಾದರೆ: ಫೋನಿನ ವೈಫೈಯನ್ನು ಕೇಬಲ್ ಮೂಲಕ ಪಡೆಯುವುದು

ಇದು ಈ ಬರಹದ ಮುಖ್ಯ ಭಾಗ, ಏಕೆಂದರೆ ಇದರ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಯುಎಸ್‌ಬಿ ಟೆಥರಿಂಗ್ ಎಂದರೆ ಫೋನಿನ ಮೊಬೈಲ್ ಡೇಟಾವನ್ನು ಕಂಪ್ಯೂಟರಿಗೆ ಹಂಚುವುದು ಎಂದೇ ಬಹುತೇಕರು ತಿಳಿದಿದ್ದಾರೆ. ಆಂಡ್ರಾಯ್ಡ್‌ನಲ್ಲಿ ಅದು ಅಷ್ಟೇ ಅಲ್ಲ. ಫೋನ್ ಆ ಹೊತ್ತಿನಲ್ಲಿ ಯಾವ ಇಂಟರ್ನೆಟ್ ಬಳಸುತ್ತಿದೆಯೋ ಅದನ್ನೇ ಕೇಬಲ್ ಮೂಲಕ ಕಂಪ್ಯೂಟರಿಗೆ ದಾಟಿಸುತ್ತದೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಕಂಪ್ಯೂಟರಿಗೂ ಮನೆಯ ಬ್ರಾಡ್‌ಬ್ಯಾಂಡೇ ಸಿಗುತ್ತದೆ, ಸಿಮ್‌ನ ಡೇಟಾ ಒಂದಿಷ್ಟೂ ಖರ್ಚಾಗುವುದಿಲ್ಲ. ಸಿಮ್ ಇಲ್ಲದ, ಪರದೆ ಒಡೆದು ಮೂಲೆ ಸೇರಿದ ಹಳೆಯ ಫೋನ್ ಕೂಡ ಈ ಕೆಲಸಕ್ಕೆ ಸಾಕು. ಈ ಸೌಲಭ್ಯ 2010ರ ಆಂಡ್ರಾಯ್ಡ್ 2.2ರಿಂದಲೇ ಇದೆ.

ಮಾಡಬೇಕಾದ ಕ್ರಮ ಹೀಗಿದೆ. ಫೋನನ್ನು ಮನೆಯ ವೈಫೈಗೆ ಸೇರಿಸಿ, ಮೊಬೈಲ್ ಡೇಟಾವನ್ನು ಬೇಕೆಂದೇ ಆಫ್ ಮಾಡಿ, ಫೋನಿನ ಬ್ರೌಸರ್‌ನಲ್ಲಿ ಒಂದು ಪುಟ ತೆರೆಯುತ್ತದೆಯೇ ಎಂದು ನೋಡಿ. ಇಲ್ಲಿ ತೆರೆಯದಿದ್ದರೆ ತೊಂದರೆ ರೂಟರಿನದ್ದು, ಡೆಸ್ಕ್‌ಟಾಪನ್ನು ಮುಟ್ಟುವ ಅಗತ್ಯವೇ ಇಲ್ಲ. ತೆರೆದರೆ ಫೋನನ್ನು ಕೇಬಲ್‌ನಿಂದ ಡೆಸ್ಕ್‌ಟಾಪ್‌ನ ಹಿಂಬದಿಯ ಯುಎಸ್‌ಬಿ ಪೋರ್ಟಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಹಾಟ್‌ಸ್ಪಾಟ್ ಅಂಡ್ ಟೆಥರಿಂಗ್ ತೆರೆದು ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇದು ಕನೆಕ್ಷನ್ಸ್ ಎಂಬುದರ ಒಳಗಿರುತ್ತದೆ.

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ವೈಫೈ ಗುರುತು ಬರುತ್ತದೆಂದು ಕಾಯಬೇಡಿ, ಅದು ಬರುವುದಿಲ್ಲ. ವಿಂಡೋಸ್‌ನ ದೃಷ್ಟಿಯಲ್ಲಿ ಫೋನ್ ಒಂದು ತಂತಿಯ ನೆಟ್‌ವರ್ಕ್ ಕಾರ್ಡ್. ಆದ್ದರಿಂದ ಪರದೆ ಮತ್ತು ಕೇಬಲಿನ ಚಿತ್ರ ಕಾಣುತ್ತದೆ, ಹೆಸರು ಈಥರ್ನೆಟ್ 2 ಎಂದೋ 3 ಎಂದೋ ಇರುತ್ತದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಸಾಮಾನ್ಯವಾಗಿ ರಿಮೋಟ್ ಎನ್‌ಡಿಐಎಸ್ ಎಂದು ಆರಂಭವಾಗುವ ಸಾಲು ಸೇರುತ್ತದೆ. ಉಬುಂಟುವಿನಲ್ಲಿಯೂ ಇದು ವೈರ್ಡ್ ಕನೆಕ್ಷನ್ ಎಂದೇ ತೋರುತ್ತದೆ, ಪ್ರತ್ಯೇಕ ಡ್ರೈವರ್ ಬೇಕಾಗುವುದಿಲ್ಲ.

ಹೊಸದಾಗಿ ವಿಂಡೋಸ್ 11 ಹಾಕುವಾಗ ನೆಟ್‌ವರ್ಕ್‌ಗೆ ಜೋಡಿಸಿ ಎನ್ನುವ ಪುಟದಲ್ಲಿ ಸಿಕ್ಕಿಕೊಂಡವರಿಗೂ ಇದೇ ಉಪಾಯ ನೆರವಾಗುತ್ತದೆ. ಆ ಹಂತದಲ್ಲಿ ಮದರ್‌ಬೋರ್ಡಿನ ವೈಫೈ, ಲ್ಯಾನ್ ಎರಡಕ್ಕೂ ಡ್ರೈವರ್ ಇಲ್ಲದಿರಬಹುದು, ಆದರೆ ಟೆಥರಿಂಗ್‌ಗೆ ಬೇಕಾದ ಡ್ರೈವರ್ ವಿಂಡೋಸ್‌ನೊಳಗೇ ಇರುತ್ತದೆ. ಲಾಗಿನ್ ಪುಟ ಕೇಳುವ ಕಾಲೇಜು, ಪಿಜಿ ವೈಫೈಗಳಲ್ಲಿಯೂ ಇದರಿಂದ ಅನುಕೂಲ: ಫೋನಿನಲ್ಲಿ ಒಮ್ಮೆ ಲಾಗಿನ್ ಆಗಿದ್ದರೆ ಅದರ ಹಿಂದಿರುವ ಕಂಪ್ಯೂಟರಿಗೂ ಸಾಮಾನ್ಯವಾಗಿ ಅದೇ ಸಾಕಾಗುತ್ತದೆ.

ಟೆಥರಿಂಗ್ ಆಯ್ಕೆ ಮಸುಕಾಗಿ ಒತ್ತಲು ಬಾರದಿದ್ದರೆ

ಕಂಪ್ಯೂಟರಿಗೆ ಜೋಡಿಸಿದ್ದೇನೆಂದು ಫೋನಿಗೆ ಗೊತ್ತಾಗುವವರೆಗೆ ಆ ಆಯ್ಕೆ ಮಸುಕಾಗಿಯೇ ಇರುತ್ತದೆ. ಹಾಗಾಗಿ ಮೊದಲ ಅನುಮಾನ ಕೇಬಲ್ ಮೇಲೆ. ಯುಎಸ್‌ಬಿ ಕೇಬಲಿನಲ್ಲಿ ವಿದ್ಯುತ್ತಿಗೆ ಎರಡು ತಂತಿ, ಮಾಹಿತಿಗೆ ಎರಡು ತಂತಿ ಇರಬೇಕು. ಪವರ್ ಬ್ಯಾಂಕ್, ಇಯರ್‌ಫೋನ್, ಟ್ರಿಮ್ಮರ್‌ಗಳ ಜೊತೆ ಬರುವ ಹಲವು ಅಗ್ಗದ ಕೇಬಲ್‌ಗಳಲ್ಲಿ ಮಾಹಿತಿಯ ತಂತಿಗಳನ್ನು ಹಾಕಿರುವುದೇ ಇಲ್ಲ. ಫೋನ್ ಚಾರ್ಜ್ ಆಗುತ್ತದೆ, ಆದ್ದರಿಂದ ಕೇಬಲ್ ಸರಿಯಿದೆ ಎಂದು ನಾವು ಮೋಸಹೋಗುತ್ತೇವೆ. ಪರೀಕ್ಷೆ ಸುಲಭ. ಕೇಬಲ್ ಚುಚ್ಚಿದೊಡನೆ ಫೋನಿನ ನೋಟಿಫಿಕೇಷನ್‌ನಲ್ಲಿ ಯುಎಸ್‌ಬಿ ಆಯ್ಕೆಗಳ ಸಾಲು ಬರಬೇಕು. ಅದನ್ನು ಒತ್ತಿ ಫೈಲ್ ಟ್ರಾನ್ಸ್‌ಫರ್ ಆರಿಸಿದಾಗ ಕಂಪ್ಯೂಟರಿನಲ್ಲಿ ಫೋನಿನ ಫೋಲ್ಡರ್‌ಗಳು ತೆರೆಯಬೇಕು. ಚಾರ್ಜಿಂಗ್ ಎಂದಷ್ಟೇ ತೋರಿಸಿ ಸುಮ್ಮನಾದರೆ, ಫೋನಿನ ಜೊತೆ ಬಂದ ಮೂಲ ಕೇಬಲನ್ನು ಹುಡುಕಿ ತನ್ನಿ. ಅದರಲ್ಲೂ ಹೀಗೇ ಆದರೆ ಫೋನಿನ ಚಾರ್ಜಿಂಗ್ ಬಾಯಿಯಲ್ಲಿ ಜೇಬಿನ ಧೂಳು, ನೂಲಿನ ಚೂರು ಗಟ್ಟಿಯಾಗಿ ಕೂತು ಪಿನ್ನುಗಳು ಪೂರ್ತಿ ತಾಗದಿರಬಹುದು. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿ ತೆಗೆಯಿರಿ, ಸೂಜಿ ಬೇಡ.

ಕೇಬಲ್ ಸರಿಯಿದ್ದೂ ಆಯ್ಕೆ ಮಸುಕಾಗಿದ್ದರೆ ಫೋನಿನಲ್ಲಿ ಡೇಟಾ ಸೇವರ್ ಆನ್ ಆಗಿದೆಯೇ ನೋಡಬೇಕು. ಅದು ಆನ್ ಇರುವವರೆಗೆ ಆಂಡ್ರಾಯ್ಡ್ ಇಂಟರ್ನೆಟ್ ಹಂಚಲು ಬಿಡುವುದಿಲ್ಲ, ಮತ್ತು ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೊಳೆಯುವುದೇ ಕಷ್ಟ. ಕಚೇರಿಯವರು ಕೊಟ್ಟ ಫೋನ್‌ಗಳಲ್ಲಿ ಟೆಥರಿಂಗನ್ನು ಆಡಳಿತದವರೇ ಮುಚ್ಚಿರಬಹುದು, ಅದನ್ನು ನಾವು ತೆರೆಯಲಾಗದು.

ಕೇಬಲ್ ತೆಗೆದಾಗಲೆಲ್ಲ ಟೆಥರಿಂಗ್ ಆಫ್ ಆಗಿಬಿಡುವುದು ದೋಷವಲ್ಲ, ಅದರ ಸ್ವಭಾವವೇ ಹಾಗೆ. ಪ್ರತಿ ಸಲ ಆನ್ ಮಾಡುವುದು ಬೇಸರವೆನಿಸಿದರೆ ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿ ಡೆವಲಪರ್ ಆಪ್ಷನ್ಸ್ ತೆರೆದುಕೊಂಡು, ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಷನ್ ಎಂಬಲ್ಲಿ ಯುಎಸ್‌ಬಿ ಟೆಥರಿಂಗ್ ಆರಿಸಬಹುದು. ಅಲ್ಲಿರುವ ಬೇರೆ ಯಾವುದನ್ನೂ ಮುಟ್ಟಬೇಡಿ.

ಟೆಥರಿಂಗ್ ಆನ್ ಆದರೂ ಪುಟಗಳು ತೆರೆಯದಿದ್ದರೆ

ಇಲ್ಲಿಂದ ಮುಂದೆ ಊಹೆ ಮಾಡುವುದನ್ನು ಬಿಟ್ಟು ಕಂಪ್ಯೂಟರನ್ನೇ ಕೇಳಬೇಕು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಆದೇಶ ಕೊಟ್ಟು, ಫೋನಿನ ಈಥರ್ನೆಟ್ ಸಾಲಿನಲ್ಲಿ ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಏನಿದೆ ಎಂದು ಓದಿ. ಅಂಥ ಸಾಲೇ ಇಲ್ಲದಿದ್ದರೆ ಡ್ರೈವರ್ ಕುಳಿತಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಸಾಲಿಗೆ ಅಪ್‌ಡೇಟ್ ಡ್ರೈವರ್ ಕೊಟ್ಟು, ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ದಾರಿ ಹಿಡಿದು, ನೆಟ್‌ವರ್ಕ್ ಅಡಾಪ್ಟರ್ಸ್, ಮೈಕ್ರೋಸಾಫ್ಟ್, ನಂತರ ರಿಮೋಟ್ ಎನ್‌ಡಿಐಎಸ್ ಎಂದಿರುವುದನ್ನು ಆರಿಸಬೇಕು. ವಿಂಡೋಸ್ 7 ಇರುವ ಹಳೆಯ ಯಂತ್ರಗಳಲ್ಲಿ ಇದು ಹೆಚ್ಚಾಗಿ ಬೇಕಾಗುತ್ತದೆ.

ವಿಳಾಸ 169.254 ಎಂದು ಆರಂಭವಾಗಿದ್ದರೆ, ಕೇಬಲ್ ಮತ್ತು ಡ್ರೈವರ್ ಸರಿಯಿವೆ, ಆದರೆ ಫೋನಿನಿಂದ ವಿಳಾಸ ಬಂದಿಲ್ಲ, ವಿಂಡೋಸ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಫೋನಿನಲ್ಲಿ ಟೆಥರಿಂಗನ್ನು ಆಫ್ ಮಾಡಿ ಆನ್ ಮಾಡಿ. ಸಾಲದಿದ್ದರೆ ಫೋನನ್ನು ರೀಸ್ಟಾರ್ಟ್ ಮಾಡಿ. ಅಡಾಪ್ಟರಿನ ಐಪಿವಿ4 ಪ್ರಾಪರ್ಟೀಸ್‌ನಲ್ಲಿ ವಿಳಾಸವನ್ನು ತಾನಾಗಿ ಪಡೆಯುವ ಆಯ್ಕೆ ಇರಲಿ, ಕೈಯಿಂದ ತುಂಬಿದ ವಿಳಾಸ ಬೇಡ. ಹಳೆಯ ಆಂಡ್ರಾಯ್ಡ್‌ಗಳಲ್ಲಿ ವಿಳಾಸ 192.168.42 ಎಂದು ಆರಂಭವಾಗುತ್ತಿತ್ತು. ಆಂಡ್ರಾಯ್ಡ್ 11ರಿಂದ ಈಚೆಗೆ ಅದು ಬದಲಾಗುತ್ತಿರುತ್ತದೆ, ಆದ್ದರಿಂದ ಹಳೆಯ ವೀಡಿಯೊ ನೋಡಿ ಅದೇ ಅಂಕಿಗಾಗಿ ಹುಡುಕಬೇಡಿ.

ಸರಿಯಾದ ವಿಳಾಸ, ಗೇಟ್‌ವೇ (ಇಂಟರ್ನೆಟ್‌ಗೆ ದಾರಿ ಕೊಡುವ ಸಾಧನದ, ಅಂದರೆ ಇಲ್ಲಿ ಫೋನಿನ, ವಿಳಾಸ) ಎರಡೂ ಬಂದಿದ್ದರೆ ಗೂಗಲ್‌ನ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ping ಆದೇಶದಿಂದ ಕೇಳಿ. ಉತ್ತರ ಬರದಿದ್ದರೆ ಗೇಟ್‌ವೇಗೆ ಪಿಂಗ್ ಮಾಡಿ ನೋಡಿ. ಅದಕ್ಕೆ ಉತ್ತರ ಬಂದು ಹೊರಗಿನದ್ದಕ್ಕೆ ಬರದಿದ್ದರೆ ತೊಂದರೆ ಫೋನಿನಲ್ಲೋ ಅದರಾಚೆಯೋ ಇದೆ. ಫೋನಿನಲ್ಲಿ ವಿಪಿಎನ್ ಅಥವಾ ಜಾಹೀರಾತು ತಡೆಯುವ ಆಪ್ ಇದ್ದರೆ ಅದನ್ನು ನಿಲ್ಲಿಸಿ ಪರೀಕ್ಷಿಸಬೇಕು. 8.8.8.8ರಿಂದ ಉತ್ತರ ಬರುತ್ತದೆ, ಆದರೆ ಜಾಲತಾಣದ ಹೆಸರಿಗೆ ಪಿಂಗ್ ಮಾಡಿದರೆ ಹೋಸ್ಟ್ ಸಿಗಲಿಲ್ಲ ಎನ್ನುತ್ತದೆ ಎಂದಾದರೆ ದೋಷ ಡಿಎನ್‌ಎಸ್‌ನಲ್ಲಿದೆ, ಅಂದರೆ ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯಲ್ಲಿದೆ. ಅದೇ ಪ್ರಾಪರ್ಟೀಸ್ ಪುಟದಲ್ಲಿ ಡಿಎನ್‌ಎಸ್ ಆಗಿ 8.8.8.8 ಮತ್ತು 1.1.1.1 ತುಂಬಿದರೆ ಬಗೆಹರಿಯುತ್ತದೆ. ಹೆಸರಿಗೂ ಉತ್ತರ ಬರುತ್ತಿದೆ, ಬ್ರೌಸರ್ ಮಾತ್ರ ತೆರೆಯುತ್ತಿಲ್ಲ ಎಂದಾದರೆ ಹಿಂದೆಂದೋ ಕಚೇರಿಗೋ ಕಾಲೇಜಿಗೋ ಹಾಕಿದ ಪ್ರಾಕ್ಸಿ (ನಡುವಿನ ಸರ್ವರ್ ಮೂಲಕ ಹೋಗುವ ಸೆಟ್ಟಿಂಗ್) ಹಾಗೇ ಉಳಿದಿದೆಯೇ ಎಂದು ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ ನೋಡಿ.

ಇವೆಲ್ಲದರ ನಡುವೆ ಪರದೆಯ ಮೂಲೆಯಲ್ಲಿರುವ ದಿನಾಂಕದತ್ತ ಒಮ್ಮೆ ಕಣ್ಣು ಹಾಯಿಸುವುದನ್ನು ಮರೆಯಬಾರದು. ಬಹಳ ಕಾಲ ಬಳಸದೆ ಇಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ 3 ವೋಲ್ಟ್‌ನ ನಾಣ್ಯದಾಕಾರದ ಸೆಲ್ ಸತ್ತಿರುತ್ತದೆ. ಗೋಡೆಯ ಸ್ವಿಚ್ ಆರಿಸಿದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಭದ್ರ ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭ ಮತ್ತು ಕೊನೆಯ ದಿನಾಂಕಗಳಿರುವುದರಿಂದ, ತಪ್ಪು ದಿನಾಂಕದ ಕಂಪ್ಯೂಟರ್ ಅವನ್ನು ನಂಬುವುದಿಲ್ಲ. ಪಿಂಗ್ ಸರಿಯಾಗಿ ಉತ್ತರ ಕೊಡುತ್ತಿರುತ್ತದೆ, ಬ್ರೌಸರ್ ಮಾತ್ರ ಸಂಪರ್ಕ ಖಾಸಗಿಯಲ್ಲ ಎಂದು ಎಚ್ಚರಿಸುತ್ತಿರುತ್ತದೆ. ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದು ಪರಿಹಾರವಲ್ಲ. ದಿನಾಂಕ ಸರಿಮಾಡಿ, ಬಿಡುವಾದಾಗ ಸೆಲ್ ಬದಲಿಸಿ. ವಾಚ್ ರಿಪೇರಿ ಅಂಗಡಿಗಳಲ್ಲೂ ಅದು ಸಿಗುತ್ತದೆ.

ಇಷ್ಟಾದರೂ ಆಗದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ರೀಸೆಟ್ ಮಾಡಿ. ಅದು ಎಲ್ಲ ಅಡಾಪ್ಟರ್‌ಗಳನ್ನು ಕಿತ್ತು ಹೊಸದಾಗಿ ಹಾಕುತ್ತದೆ, ಉಳಿಸಿದ ವೈಫೈ ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ.

ಕರೆಂಟ್ ಹೋದಾಗ ಡೇಟಾ ಖಾಲಿಯಾಗುವ ಅಪಾಯ

ಟೆಥರಿಂಗ್ ಬಳಸುವವರು ತಪ್ಪದೆ ತಿಳಿದಿರಬೇಕಾದ ಸಂಗತಿ ಇದು. ಕರೆಂಟ್ ಹೋಗಿ ರೂಟರ್ ಆರಿತು, ಯುಪಿಎಸ್ ಮೇಲೆ ಡೆಸ್ಕ್‌ಟಾಪ್ ನಡೆಯುತ್ತಿದೆ ಎಂದುಕೊಳ್ಳಿ. ಫೋನಿನಲ್ಲಿ ಮೊಬೈಲ್ ಡೇಟಾ ಆನ್ ಇದ್ದರೆ ವೈಫೈ ಹೋದ ಕೂಡಲೆ ಅದು ಸದ್ದಿಲ್ಲದೆ ಸಿಮ್ ಡೇಟಾಕ್ಕೆ ಹೊರಳುತ್ತದೆ. ವಿಂಡೋಸ್‌ಗೆ ಈ ಬದಲಾವಣೆ ತಿಳಿಯದು. ತಾನಿರುವುದು ತಂತಿಯ, ಮಿತಿಯಿಲ್ಲದ ಸಂಪರ್ಕ ಎಂದೇ ತಿಳಿದು ಅಪ್‌ಡೇಟ್ ಇಳಿಸುವುದನ್ನು ಮುಂದುವರಿಸುತ್ತದೆ. ದಿನಕ್ಕೆ 1.5 ಅಥವಾ 2 ಜಿಬಿ ಕೊಡುವ ಪ್ರಿಪೇಯ್ಡ್ ಪ್ಲಾನಿನ ಡೇಟಾ ಇದರಲ್ಲಿ ಬೇಗನೆ ಕರಗಿಹೋಗುತ್ತದೆ. ಟೆಥರಿಂಗ್ ನಡೆಯುವಷ್ಟು ಹೊತ್ತು ಮೊಬೈಲ್ ಡೇಟಾ ಆಫ್ ಮಾಡಿಡುವುದೇ ಖಚಿತ ಉಪಾಯ. ಅದು ಸಾಧ್ಯವಿಲ್ಲದಿದ್ದರೆ ವಿಂಡೋಸ್‌ನಲ್ಲಿ ಆ ಈಥರ್ನೆಟ್ ಸಂಪರ್ಕವನ್ನು ಮೀಟರ್ಡ್ (ಡೇಟಾ ಮಿತಿಯಿರುವುದು) ಎಂದು ಗುರುತಿಸಿ, ದೊಡ್ಡ ಡೌನ್‌ಲೋಡ್‌ಗಳು ಬಹುಮಟ್ಟಿಗೆ ತಡೆದು ನಿಲ್ಲುತ್ತವೆ.

ನಡುನಡುವೆ ಕಡಿದುಹೋಗುತ್ತಿದ್ದರೆ

ಕ್ಯಾಬಿನೆಟ್‌ನ ಮುಂಭಾಗದ ಯುಎಸ್‌ಬಿ ಪೋರ್ಟ್‌ಗಳು ಒಳಗೆ ಉದ್ದನೆಯ ತಂತಿಯ ಮೂಲಕ ಮದರ್‌ಬೋರ್ಡಿಗೆ ಸೇರಿರುತ್ತವೆ, ಬಳಸಿ ಬಳಸಿ ಸಡಿಲವೂ ಆಗಿರುತ್ತವೆ. ಸಂಪರ್ಕ ಕಡಿಯುತ್ತಿದ್ದರೆ ಮೊದಲು ಹಿಂಬದಿಯ ಪೋರ್ಟಿಗೆ ಬದಲಿಸಿ. ಯುಎಸ್‌ಬಿ 2.0 ಪೋರ್ಟ್ ನಿಯಮದಂತೆ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡುತ್ತದೆ. ಸವೆದ ಬ್ಯಾಟರಿಯ ಹಳೆಯ ಫೋನಿಗೆ ನೀಲಿ ಬಣ್ಣದ 3.0 ಪೋರ್ಟ್ ಮೇಲು. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆದುಹಾಕಿ. ಫೋನನ್ನು ಕ್ಯಾಬಿನೆಟ್‌ನ ಬಿಸಿಗಾಳಿ ಬರುವ ಕಡೆ ಇಡಬೇಡಿ. ದಿನವಿಡೀ ಚಾರ್ಜ್ ಆಗುತ್ತ ವೈಫೈಯಲ್ಲಿರುವ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಉಬ್ಬಿದಂತೆ ಕಂಡರೆ ಆ ಫೋನನ್ನು ಈ ಕೆಲಸದಿಂದ ಕೂಡಲೇ ಬಿಡಿಸಬೇಕು. ಉದ್ದನೆಯ ಕೇಬಲ್‌ನಿಂದ ಫೋನನ್ನು ಮೇಜಿನ ಮೇಲೆ, ರೂಟರ್ ಇರುವ ದಿಕ್ಕಿಗೆ ತಂದಿಟ್ಟರೆ ವೇಗವೂ ಸುಧಾರಿಸುತ್ತದೆ. ಕ್ಯಾಬಿನೆಟ್‌ನ ತಗಡಿನ ಹಿಂದೆ ಮೂಲೆಯಲ್ಲಿ ಅಡಗುವ ಚಿಕ್ಕ ಡಾಂಗಲ್‌ಗಿಂತ ಹೀಗಿಟ್ಟ ಫೋನ್ ಎಷ್ಟೋ ಸಲ ಉತ್ತಮವಾಗಿ ಸಿಗ್ನಲ್ ಹಿಡಿಯುತ್ತದೆ.

ಐಫೋನ್, ಬ್ಲೂಟೂತ್, ಲ್ಯಾಪ್‌ಟಾಪ್

ಐಫೋನ್ ಬಳಸುವವರಿಗೆ ಈ ದಾರಿ ಅರ್ಧ ಮಾತ್ರ ತೆರೆದಿದೆ. ಅದರ ಪರ್ಸನಲ್ ಹಾಟ್‌ಸ್ಪಾಟ್ ಮೊಬೈಲ್ ಡೇಟಾವನ್ನಷ್ಟೇ ಹಂಚುತ್ತದೆ, ತಾನು ಸೇರಿರುವ ವೈಫೈಯನ್ನು ದಾಟಿಸುವುದಿಲ್ಲ. ಮೊಬೈಲ್ ಡೇಟಾ ಸಾಕು ಎನ್ನುವವರು ವಿಂಡೋಸ್‌ನಲ್ಲಿ ಐಟ್ಯೂನ್ಸ್ ಅಥವಾ ಆಪಲ್ ಡಿವೈಸಸ್ ಹಾಕಿ, ಫೋನಿನಲ್ಲಿ ಈ ಕಂಪ್ಯೂಟರನ್ನು ನಂಬುವಿರಾ ಎಂಬುದಕ್ಕೆ ಒಪ್ಪಿಗೆ ಕೊಡಬೇಕು; ವಿಳಾಸ 172.20.10 ಎಂದು ಆರಂಭವಾದರೆ ಸಂಪರ್ಕ ಸರಿಯಾಗಿದೆ.

ಬ್ಲೂಟೂತ್ ಟೆಥರಿಂಗನ್ನು ನಾನು ಶಿಫಾರಸು ಮಾಡುವುದಿಲ್ಲ. ಅದರ ಗರಿಷ್ಠ ವೇಗವೇ ಸೆಕೆಂಡಿಗೆ 3 ಮೆಗಾಬಿಟ್, ಕೈಗೆ ಸಿಗುವುದು ಅದಕ್ಕೂ ಕಡಿಮೆ.

ಮನೆಯಲ್ಲಿ ಲ್ಯಾಪ್‌ಟಾಪ್ ಮತ್ತು ಒಂದು ತುಂಡು ಲ್ಯಾನ್ ಕೇಬಲ್ ಇದ್ದರೆ, ಲ್ಯಾಪ್‌ಟಾಪ್‌ನ ವೈಫೈ ಅಡಾಪ್ಟರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಪುಟಕ್ಕೆ ಹೋಗಿ ಈಥರ್ನೆಟ್ ಮೂಲಕ ಹಂಚಲು ಅನುಮತಿ ಕೊಡಬಹುದು. ಎರಡು ಅಡಾಪ್ಟರುಗಳನ್ನು ಆರಿಸಿ ಬ್ರಿಡ್ಜ್ ಮಾಡುವ ಆಯ್ಕೆ ವೈಫೈ ಜೊತೆ ಹೆಚ್ಚಾಗಿ ಕೈಕೊಡುತ್ತದೆ, ಅದರ ಗೊಡವೆ ಬೇಡ. ಡೆಸ್ಕ್‌ಟಾಪ್‌ಗೆ 192.168.137 ಎಂದು ಆರಂಭವಾಗುವ ವಿಳಾಸ ಬಂದರೆ ಹಂಚಿಕೆ ನಡೆದಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದ ಮೇಲೆ ಹಂಚಿಕೆ ನಿಂತುಹೋದರೆ ಸರ್ವಿಸಸ್‌ನಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಸೇವೆಯನ್ನು ಆಟೊಮ್ಯಾಟಿಕ್ ಮಾಡಿ, ಶೇರಿಂಗ್ ಗುರುತನ್ನು ಒಮ್ಮೆ ತೆಗೆದು ಮತ್ತೆ ಹಾಕಬೇಕು.

ಫೋನ್ ಅಥವಾ ಲ್ಯಾಪ್‌ಟಾಪ್ ಹಿಂದೆ ಇರುವ ಡೆಸ್ಕ್‌ಟಾಪ್ ಮನೆಯ ನೆಟ್‌ವರ್ಕ್‌ನ ನೇರ ಸದಸ್ಯನಲ್ಲ ಎಂಬುದನ್ನು ನೆನಪಿಡಬೇಕು. ವೈಫೈ ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಕಾಣಿಸದೆ ಹೋಗಬಹುದು. ಅದರ ಐಪಿ ವಿಳಾಸವನ್ನು ಕೈಯಿಂದ ಕೊಟ್ಟು ಸೇರಿಸಿ ನೋಡಬಹುದು. ಹೊರಗಿನಿಂದ ಡೆಸ್ಕ್‌ಟಾಪ್‌ಗೆ ಲಾಗಿನ್ ಆಗುವುದು, ಅದರಲ್ಲಿ ಸರ್ವರ್ ನಡೆಸುವುದು, ರೂಟರಿನಲ್ಲಿ ಪೋರ್ಟ್ ತೆರೆದು ಆಟ ಆಡಿಸುವುದು ಇಂಥ ಕೆಲಸಗಳಿದ್ದರೆ ಈ ದಾರಿಗಳು ಹೊಂದುವುದಿಲ್ಲ. ಅಂಥ ಕೆಲಸ ಇರುವವರು ಲ್ಯಾನ್ ಕೇಬಲ್ ಎಳೆಸಬೇಕು, ಅಥವಾ ಮದರ್‌ಬೋರ್ಡ್‌ನಲ್ಲಿ ಖಾಲಿ ಜಾಗ ಇದೆಯೇ ಎಂದು ನೋಡಿ ಆಂಟೆನಾ ಸಹಿತ ಒಳಗಿನ ಕಾರ್ಡ್ ಹಾಕಿಸಬೇಕು.